ಕೋರ್ಟಿನ ಕಡತದಲ್ಲಿ ರೈತನ ರಾಜಕೀಯ

ಸಾಮಾನ್ಯ ಜನರ ಚಳವಳಿಗಳ ಮೇಲೆ ಬರುವ ವಿದ್ವತ್ ಗ್ರಂಥಗಳನ್ನು ಮೆಚ್ಚುವಾಗ ಒಂದು ಮಾತು ಸಲೀಸಾಗಿ ಬಾಯಿಗೆ ಬರುತ್ತದೆ: ದನಿಯಿಲ್ಲದವರಿಗೆ ಈ ಪುಸ್ತಕ ದನಿ ಕೊಟ್ಟಿದೆ. ಚೌರಿಚೌರಾ ಪ್ರಕರಣದ ಬಗ್ಗೆ ಶಾಹಿದ್ ಅಮೀನ್ ಬರೆದ ‘ಇವೆಂಟ್, ಮೆಟಫರ್, ಮೆಮೊರಿ’ (1995) ಕೃತಿಯನ್ನೂ ಹೀಗೆ ಹೊಗಳಿ ಮುಗಿಸಿಬಿಡಬಹುದು. ಹಾಗೆ ಮಾಡಿದರೆ ಅದರ ನಿಜವಾದ ಹೆಚ್ಚುಗಾರಿಕೆ ಕೈತಪ್ಪುತ್ತದೆ. ರೈತರನ್ನು ನೇಣಿಗೇರಿಸಿದ ಕಡತವೇ ಅವರ ಬಗ್ಗೆ ಉಳಿದಿರುವ ಮುಖ್ಯ ದಾಖಲೆಯಾದಾಗ, ಆ ಕಡತ ಹೇಗೆ ತಯಾರಾಯಿತು ಎಂದು ಕೇಳದೆ ಅದರಿಂದ ಇತಿಹಾಸ ಬರೆಯಲು ಬರುವುದಿಲ್ಲ. ಅಮೀನ್ ಈ ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಹಿಡಿದಿದ್ದಾರೆ. ಪುಸ್ತಕದ ಬಲ ಅಲ್ಲಿದೆ. ಅದರ ಕೊರತೆಯೂ ಅಲ್ಲಿಂದಲೇ ಹುಟ್ಟುತ್ತದೆ.

1922ರ ಫೆಬ್ರುವರಿ 4ರಂದು ಗೋರಖಪುರ ಜಿಲ್ಲೆಯ ಚೌರಿಚೌರಾ ಠಾಣೆಗೆ ಜನ ಬೆಂಕಿ ಹಚ್ಚಿದರು. 20ಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯನ್ನು ನಿಲ್ಲಿಸಿ ಐದು ದಿನ ಉಪವಾಸ ಕೂತರು. ಮರುವರ್ಷದ ಜನವರಿಯಲ್ಲಿ ಸೆಷನ್ಸ್ ನ್ಯಾಯಾಲಯ 172 ಮಂದಿಗೆ ಮರಣದಂಡನೆ ವಿಧಿಸಿತು. ಮೇಲ್ಮನವಿಯ ನಂತರ ಗಲ್ಲಿಗೇರಿದವರು 19 ಮಂದಿ. ನಮ್ಮ ಪಠ್ಯಪುಸ್ತಕಗಳಲ್ಲಿ ಚೌರಿಚೌರಾ ಎಂದರೆ ಚಳವಳಿ ನಿಂತದ್ದಕ್ಕೆ ಕಾರಣ, ಅಷ್ಟೇ. ಅಲ್ಲಿನವರು ಯಾರು, ಏನು ಕೇಳುತ್ತಿದ್ದರು ಎಂಬ ಮಾತೇ ಇಲ್ಲ. ಅಮೀನ್ ಕತೆಯನ್ನು ಮುಂಡೇರಾ ಸಂತೆಗೆ ಒಯ್ಯುತ್ತಾರೆ. ಹೆಂಡ, ಮಾಂಸ, ಮೀನಿನ ವ್ಯಾಪಾರದ ವಿಚಾರವಾಗಿ ಅಲ್ಲಿ ಸ್ವಯಂಸೇವಕರ ಪಿಕೆಟಿಂಗ್ ನಡೆದಿತ್ತು. ಪಿಂಚಣಿ ಪಡೆಯುತ್ತಿದ್ದ ಮಾಜಿ ಸೈನಿಕ ಭಗವಾನ್ ಅಹೀರನಿಗೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಹೊಡೆದಿದ್ದ. ಹೊಡೆದದ್ದೇಕೆ ಎಂದು ಕೇಳಲು ಡುಮ್ರಿ ಹಳ್ಳಿಯಲ್ಲಿ ಸಭೆ ಸೇರಿತು, ಮೆರವಣಿಗೆ ಹೊರಟಿತು, ಗೋಲಿಬಾರ್ ಆಯಿತು. ಹುಚ್ಚೆದ್ದ ಗುಂಪು ಎಂದು ತಳ್ಳಿಹಾಕಲಾಗದ ಒಂದು ಸ್ಥಳೀಯ ರಾಜಕೀಯ ಈ ಕೊಂಡಿಗಳಲ್ಲಿ ಕಾಣುತ್ತದೆ.

ಪುಸ್ತಕದ ತಿರುಳಿರುವುದು ಮಾಫಿ ಸಾಕ್ಷಿಯಾದ ಮೀರ್ ಶಿಕಾರಿಯ ಹೇಳಿಕೆಯ ವಿಶ್ಲೇಷಣೆಯಲ್ಲಿ. ತಾನೂ ಗುಂಪಿನಲ್ಲಿದ್ದೆ ಎಂದು ಒಪ್ಪಿಕೊಂಡರಷ್ಟೇ ಅವನ ಮಾತಿಗೆ ಬೆಲೆ. ಮುಂದಾಳುಗಳು ಬೇರೆಯವರು ಎಂದರಷ್ಟೇ ಅವನ ಜೀವಕ್ಕೆ ಉಳಿವು. ಈ ಇಕ್ಕಟ್ಟಿನಲ್ಲಿ ಹುಟ್ಟಿದ ಕಥನದಲ್ಲಿ ಪ್ರತಿಜ್ಞೆ, ಸಭೆ, ಮೆರವಣಿಗೆ ಎಲ್ಲವೂ ಕೊಲೆಯ ಕಡೆಗೇ ಸಾಗುವ ಮೆಟ್ಟಿಲುಗಳಾಗುತ್ತವೆ. ರೈತರು ಸ್ವರಾಜ್ಯದ ಬಗ್ಗೆ ಏನೆಂದುಕೊಂಡಿದ್ದರು ಎಂಬುದು ನ್ಯಾಯಾಲಯಕ್ಕೆ ಬೇಕಿರಲಿಲ್ಲ. ಸೋಜಿಗವೆಂದರೆ, ರಾಷ್ಟ್ರೀಯ ನಾಯಕತ್ವಕ್ಕೂ ಅದು ಬೇಕಿರಲಿಲ್ಲ. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಬರೆದ ಲೇಖನದ ತಲೆಬರಹವೇ ಚೌರಿಚೌರಾವನ್ನು ಅಪರಾಧವೆಂದು ಕರೆಯಿತು. ಬದ್ಧವಿರೋಧಿಗಳಾಗಿದ್ದ ಸರ್ಕಾರ ಮತ್ತು ಕಾಂಗ್ರೆಸ್ ಈ ಒಂದು ವಿಷಯದಲ್ಲಿ ಒಂದೇ ನುಡಿಗಟ್ಟು ಹಂಚಿಕೊಂಡದ್ದನ್ನು ತೋರಿಸಿಕೊಟ್ಟದ್ದು ಅಮೀನರ ದೊಡ್ಡ ಸಾಧನೆ.

ಇದಕ್ಕೆ ಆಕ್ಷೇಪಗಳಿವೆ. ಆರು ದಶಕಗಳಿಗೂ ಹೆಚ್ಚು ಕಾಲದ ನಂತರ ಡುಮ್ರಿಯಲ್ಲಿ ಸಂಗ್ರಹಿಸಿದ ನೆನಪುಗಳನ್ನು ನಂಬುವುದು ಹೇಗೆ ಎಂಬುದು ಮೊದಲನೆಯದು. ಅಮೀನ್ ನೆನಪನ್ನು ಕಡತದ ಮೇಲಿನ ತೀರ್ಪುಗಾರನ ಪೀಠದಲ್ಲಿ ಕೂರಿಸುವುದಿಲ್ಲ. ಸ್ವಯಂಸೇವಕರು ಕಾವಿ ಬಣ್ಣದ ಬಟ್ಟೆ ತೊಟ್ಟಿದ್ದರು, ಚಿಟಿಕೆ ಕಾಳು ಬೇಡುತ್ತಿದ್ದರು ಎಂದು ವೃದ್ಧೆ ನೌಜಾದಿ ಹೇಳಿದಾಗ, ಬಿಳಿ ಖಾದಿಯ ಪರಿಚಿತ ಚಿತ್ರಕ್ಕೆ ಹೊಂದುವುದಿಲ್ಲವೆಂದು ಅದನ್ನು ತಿದ್ದಲು ಹೋಗುವುದಿಲ್ಲ. ಗಾಂಧಿಯ ಸಂದೇಶ ಹಳ್ಳಿ ತಲುಪುವಾಗ ಯಾವ ವೇಷ ತೊಟ್ಟಿತು ಎಂಬುದಕ್ಕೆ ಅದನ್ನು ಸುಳಿವಾಗಿ ಬಳಸುತ್ತಾರೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸುಟ್ಟು ಸತ್ತ ಪೊಲೀಸರು ಈ ಎಲ್ಲ ವಿಶ್ಲೇಷಣೆಯ ನಡುವೆ ಮರೆಯಾಗುವುದಿಲ್ಲವೇ? ಹಿಂಸೆಗೆ ಸಂದರ್ಭ ಕೊಡುವುದು ಅದನ್ನು ಸಮರ್ಥಿಸಿದಂತಲ್ಲ, ನಿಜ. ಆದರೂ ಪ್ರತಿಭಟಿಸಲು ಹೋದವರು ಕೊಲ್ಲುವ ಮಟ್ಟಕ್ಕೆ ಹೇಗೆ ಮುಟ್ಟಿದರು ಎಂಬ ಪ್ರಶ್ನೆ ಎದುರಾದಾಗ ಅಮೀನ್ ಮತ್ತೆ ದಾಖಲೆಗಳ ಸ್ವರೂಪದ ಚರ್ಚೆಗೆ ಹೊರಳುತ್ತಾರೆ. ತುಂಡುತುಂಡಾದ ಅಧ್ಯಾಯಗಳು ಈ ಜಾರಿಕೆಗೆ ಅನುಕೂಲ ಮಾಡಿಕೊಡುತ್ತವೆ. ಮೂಲಗಳನ್ನು ಪ್ರಶ್ನಿಸುವುದರಲ್ಲಿ ತೋರಿದ ಧೈರ್ಯ ಘಟನೆಯನ್ನು ವಿವರಿಸುವುದರಲ್ಲಿ ಕಾಣುವುದಿಲ್ಲ.

ಇಷ್ಟಾದರೂ ಈ ವಿಧಾನ ಕನ್ನಡದ ಇತಿಹಾಸಕಾರರಿಗೆ ಬೇಕೇ ಬೇಕು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲೂ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಕೊಲೆಯಾದರು, ಮುಂದೆ ಐವರು ಗಲ್ಲಿಗೇರಿದರು. ಚೌರಿಚೌರಾವನ್ನು ನಾಯಕರು ದೂರವಿಟ್ಟರು, ಈಸೂರನ್ನು ನಾಡು ತಲೆಯ ಮೇಲೆ ಹೊತ್ತು ಮೆರೆಸಿತು. ಅಪರಾಧಿ ಎಂದು ಹೇಳಿದರೂ ಹುತಾತ್ಮ ಎಂದು ಹೇಳಿದರೂ ಆ ಊರಿನವರ ಕಂದಾಯ, ಜಾತಿ, ಜಗಳ, ಆಸೆಗಳ ವಿಚಾರಣೆ ಅಲ್ಲಿಗೇ ನಿಂತುಬಿಡುವ ಅಪಾಯವಿದೆ. ತೆಗಳುವ ಕಡತವನ್ನು ಎಷ್ಟು ಅನುಮಾನದಿಂದ ಓದಬೇಕೋ ಹೊಗಳುವ ಸ್ಮಾರಕವನ್ನೂ ಅಷ್ಟೇ ಅನುಮಾನದಿಂದ ಓದಬೇಕು ಎಂಬುದು ಅಮೀನರ ಕೃತಿಯಿಂದ ಕಲಿಯಬೇಕಾದ ಪಾಠ. ಅವರು ಅರ್ಧಕ್ಕೆ ಬಿಟ್ಟ ವಿವರಣೆಯ ಕೆಲಸವನ್ನೂ ಸೇರಿಸಿ ಅದನ್ನು ಮುಂದುವರಿಸುವುದು ಅವರ ನಂತರದವರ ಹೊಣೆ.