ಕುಶಾದಸಿಯಲ್ಲಿ ಹಡಗು ನಿಂತ ಹೊತ್ತು

ಟರ್ಕಿಯ ಏಜಿಯನ್ ತೀರದ ಕುಶಾದಸಿ ಬೇಸಿಗೆಯಲ್ಲಿ ಗಿಜಿಗುಡುವ ವಿಹಾರದ ಊರು. ಕ್ರೂಸ್ ಹಡಗುಗಳು ಬೆಳಿಗ್ಗೆ ಬಂದು ಸಾಮಾನ್ಯವಾಗಿ ಸಂಜೆಗೆ ಹೊರಟುಬಿಡುತ್ತವೆ. ಇಳಿದವರಲ್ಲಿ ಬಹಳಷ್ಟು ಮಂದಿ ಹಡಗಿನವರೇ ಗೊತ್ತುಮಾಡಿದ ಬಸ್ಸು ಹತ್ತಿ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಪ್ರಾಚೀನ ನಗರ ಎಫೆಸಸ್‌ಗೆ ಹೋಗುತ್ತಾರೆ. ಆ ಅರ್ಧ ದಿನದ ಏರ್ಪಾಡಿನ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಗಟ್ಟಿಯಾದ ತಕರಾರೂ ಇದೆ.

ಎಫೆಸಸ್ ನೋಡಿಸುವ ಕ್ರಮ ಚೆನ್ನಾಗಿದೆ. ಬಸ್ಸು ಮೇಲಿನ ಗೇಟಿನಲ್ಲಿ ಇಳಿಸಿ ಕೆಳಗಿನ ಗೇಟಿನಲ್ಲಿ ಹತ್ತಿಸಿಕೊಳ್ಳುವುದರಿಂದ ವಯಸ್ಸಾದವರೂ ಇಳಿಜಾರಿನಲ್ಲಿ ನಿಧಾನವಾಗಿ ನಡೆದು ನಗರವನ್ನು ದಾಟಬಹುದು. ಗೈಡುಗಳು ಸರ್ಕಾರದ ಪರವಾನಗಿ ಪಡೆದವರು. ಕಾಲು ಜಾರುವಷ್ಟು ನುಣುಪಾಗಿ ಸವೆದ ಅಮೃತಶಿಲೆಯ ಬೀದಿ ಇಳಿದರೆ ಸೆಲ್ಸಸ್ ಗ್ರಂಥಾಲಯದ ಎರಡಂತಸ್ತಿನ ಮುಂಭಾಗ ಎದುರಾಗುತ್ತದೆ. ತಂದೆ ಸೆಲ್ಸಸ್‌ನ ನೆನಪಿಗೆ ಮಗ ಕಟ್ಟಿಸಿದ್ದು. ತಂದೆಯ ಸಮಾಧಿ ಅದರ ಅಡಿಯಲ್ಲೇ ಇದೆ. ಕುಸಿದು ಬಿದ್ದಿದ್ದ ಅದನ್ನು ಆಸ್ಟ್ರಿಯಾದ ತಜ್ಞರು 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಮುಂದೆ ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಬಂದರಿನ ಬೀದಿ ನೇರ ಹೋಗಿ ಜೊಂಡು ಬೆಳೆದ ಬಯಲಿನಲ್ಲಿ ಮುಗಿದುಹೋಗುತ್ತದೆ. ನದಿಯ ಹೂಳು ಬಂದರನ್ನೇ ನುಂಗಿತು. ಕಡಲೀಗ ಕೆಲವು ಕಿಲೋಮೀಟರ್ ಆಚೆ. ಹಡಗಿನಿಂದಿಳಿದವರು ಇವತ್ತು ಬಸ್ಸಿನಲ್ಲಿ ಬರಬೇಕಾಗಿರುವುದೂ ಅದರಿಂದಲೇ. ರಂಗಮಂದಿರದ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತರೆ ಇದು ಮನಸ್ಸಿಗೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಗೈಡಿನ ಕೈಯಲ್ಲಿನ ನಂಬರ್ ಫಲಕ ಗೇಟಿನತ್ತ ಸಾಗಿರುತ್ತದೆ.

ಇಷ್ಟೊಂದು ಅವಸರ ಯಾಕೆ? ಮುಂದೆ ರತ್ನಗಂಬಳಿಯ ಅಂಗಡಿ ಕಾದಿರುತ್ತದೆ. ಅಲ್ಲಿ ಬಿಸಿನೀರಿನಲ್ಲಿ ಅದ್ದಿದ ರೇಷ್ಮೆಗೂಡಿನಿಂದ ಎಳೆ ತೆಗೆದು ತೋರಿಸುತ್ತಾರೆ (ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದು ದಿನನಿತ್ಯದ ನೋಟ). ಮಗ್ಗದ ಮುಂದೆ ಕೂತ ಹೆಣ್ಣುಮಗಳು ಎರಡು ಎಳೆಗಳಿಗೆ ನೂಲು ಸುತ್ತಿ ಗಂಟು ಬಿಗಿದು, ತುದಿಯನ್ನು ಚಾಕುವಿನಿಂದ ಕತ್ತರಿಸುವ ವೇಗ ನಿಜಕ್ಕೂ ಬೆರಗಿನದು. ಆಕೆಗೆ ಐದು ನಿಮಿಷ. ಉಳಿದ ಹೊತ್ತೆಲ್ಲ ಸೇಬಿನ ಚಹಾ ಮತ್ತು ವ್ಯಾಪಾರ. ಗೈಡುಗಳಿಗೆ ಕಮಿಷನ್ ಸಲ್ಲುತ್ತದೆಂಬುದು ಗುಟ್ಟೇನಲ್ಲ.

ವ್ಯಾಪಾರದ ಬಗ್ಗೆ ನನ್ನ ಆಕ್ಷೇಪವಿಲ್ಲ. ಅರ್ತೆಮಿಸ್ ದೇವಿಯ ಬೆಳ್ಳಿಗುಡಿಗಳನ್ನು ಮಾಡಿ ಮಾರುತ್ತಿದ್ದ ಎಫೆಸಸ್‌ನ ಅಕ್ಕಸಾಲಿಗರ ಗಲಭೆಯ ಕಥೆ ಬೈಬಲಿನಲ್ಲೇ ಇದೆ. ಆಕ್ಷೇಪವಿರುವುದು ಈ ಅಂಗಡಿ ಯಾವುದರ ಹೊತ್ತನ್ನು ತಿನ್ನುತ್ತದೆ ಎಂಬುದಕ್ಕೆ. 1956ರಲ್ಲಿ ಎಫೆಸಸ್‌ನ ಪ್ರಿಟಾನಿಯನ್ ಎಂಬ ನಗರಾಡಳಿತದ ಕಟ್ಟಡದಲ್ಲಿ ಅರ್ತೆಮಿಸ್‌ನ ಅಮೃತಶಿಲೆಯ ಮೂರ್ತಿಗಳು ಸಿಕ್ಕವು. ಸಿಕ್ಕ ಜಾಗ ನಡೆಯುವ ದಾರಿಯಲ್ಲೇ ಬರುತ್ತದೆ. ಮೂರ್ತಿಗಳಿರುವುದು ಪಕ್ಕದ ಸೆಲ್ಚುಕ್ ಊರಿನ ಮ್ಯೂಸಿಯಂನಲ್ಲಿ; ಅಂಗಡಿ ತಿನ್ನುವುದು ಅದರ ಹೊತ್ತನ್ನೇ. ಸೊಂಟದಿಂದ ಕೆಳಗೆ ಸಾಲುಸಾಲಾಗಿ ಪ್ರಾಣಿಗಳು, ಜೇನುಹುಳಗಳು. ಎದೆಯ ತುಂಬ ಮೊಟ್ಟೆಯಾಕಾರದ ಉಬ್ಬುಗಳು: ಅವು ಮೊಲೆಗಳೋ, ಬಲಿಕೊಟ್ಟ ಗೂಳಿಗಳ ವೃಷಣಗಳೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಈ ನಗರ ಯಾರ ಹೆಸರಿನಲ್ಲಿ ಬಾಳಿತೋ ಆ ದೇವಿಯನ್ನೇ ನೋಡದೆ ಜನ ಹಡಗಿಗೆ ಮರಳುತ್ತಾರೆ. ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಕುಶಾದಸಿಯ ಪಾಲಿಗೂ ನ್ಯಾಯ ಸಿಗುವುದಿಲ್ಲ. ಕಡಲ ದಾರಿಯ ವರ್ತಕರಿಗಾಗಿ ಓಕೂಜ್ ಮೆಹಮದ್ ಪಾಷಾ 1618ರಲ್ಲಿ ಕಟ್ಟಿಸಿದ ಕೋಟೆಯಂಥ ಛತ್ರ ಬಂದರಿನ ಎದುರಿಗೇ ಇದೆ. ಬಸ್ಸು ಅದನ್ನು ದಾಟಿ ಹೋಗುತ್ತದೆ, ದಾಟಿ ಬರುತ್ತದೆ.

ಹಡಗಿನ ಬಸ್ಸಿಗೆ ಒಂದು ಅನುಕೂಲವುಂಟು: ತಡವಾದರೆ ಹಡಗು ತನ್ನವರಿಗೆ ಕಾಯುತ್ತದೆ, ತಾವಾಗಿ ಹೋದವರಿಗೆ ಕಾಯುವುದಿಲ್ಲ. ನಡೆಯಲು ಕಷ್ಟವಿರುವವರು ಅದನ್ನೇ ಹಿಡಿಯಲಿ. ಆದರೆ ದುಡ್ಡು ಕಟ್ಟುವ ಮೊದಲು ಮ್ಯೂಸಿಯಂ ಸೇರಿದೆಯೇ, ಅಂಗಡಿ ಇದೆಯೇ ಎಂದು ಕೇಳಿ ತಿಳಿಯಲಿ. ಕಾಲು ಗಟ್ಟಿಯಿರುವವರು ಕುಶಾದಸಿಯಿಂದ ಸೆಲ್ಚುಕ್‌ಗೆ ಓಡಾಡುವ ದೊಲ್ಮುಶ್ ಎಂಬ ಸಣ್ಣ ವ್ಯಾನು ಹತ್ತಿ, ಬೆಳಿಗ್ಗೆ ಎಫೆಸಸ್, ಆಮೇಲೆ ಮ್ಯೂಸಿಯಂ ನೋಡಿಕೊಂಡು, ಹಡಗು ಹೊರಡಲು ಎರಡು ಗಂಟೆ ಇರುವಾಗಲೇ ಬಂದರಿಗೆ ಮರಳಿಬಿಡಲಿ.