ಝಗಮಗಿಸುವ ಊರಿನಲ್ಲಿ ಬಣ್ಣದ ಕೆಲಸ

ಸಂಜೆ ಹೊತ್ತು ದುಬೈನ ಶೇಖ್ ಜಾಯೆದ್ ರಸ್ತೆಯಲ್ಲಿ ಬೆಳಕಿಗೆ ಬರವಿಲ್ಲ. ಕಟ್ಟಡಗಳ ಮೈತುಂಬ ಎಲ್‌ಇಡಿ ಜಾಹೀರಾತು ಹರಿದಾಡುತ್ತದೆ. ಬೀದಿಯೇ ಇಷ್ಟು ಹೊಳೆಯುವಾಗ ಗ್ಯಾಲರಿಯೊಳಗಿನ ನಿಯಾನ್‌ಗೆ, ಕಣ್ಣು ಕುಕ್ಕುವ ಬಣ್ಣಕ್ಕೆ ಏನು ಕೆಲಸ?

ಮೊದಲು ನಿಜವಾದ ನಿಯಾನ್ ಯಾವುದೆಂದು ತಿಳಿಯೋಣ. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ, ಕೈಯಲ್ಲೇ ಬಗ್ಗಿಸಿ, ಗಾಳಿ ಹೊರತೆಗೆದು ಅನಿಲ ತುಂಬುತ್ತಾರೆ. ಶುದ್ಧ ನಿಯಾನ್ ಕೊಡುವುದು ಕೆಂಪು-ಕಿತ್ತಳೆ ಮಾತ್ರ. ನೀಲಿಗೆ ಆರ್ಗಾನ್ ಜೊತೆ ಪಾದರಸ ಬೇಕು. ಉಳಿದವು ಹೆಚ್ಚಾಗಿ ಕೊಳವೆಯ ಒಳಮೈಗೆ ಬಳಿದ ಪುಡಿಯಿಂದ ಬರುತ್ತವೆ. ಹತ್ತಿರ ಹೋಗಿ ನೋಡಿ: ಒಂದು ಅಕ್ಷರದಿಂದ ಇನ್ನೊಂದಕ್ಕೆ ಕೊಳವೆ ದಾಟುವ ಕಡೆ ಕಪ್ಪು ಬಳಿದಿರುತ್ತಾರೆ. ಆ ಕಪ್ಪು ತುಂಡು ಗಾಜು ಬಗ್ಗಿಸಿದವನ ಕೈಗುರುತು. ಕೆಫೆಗಳಲ್ಲಿ ಈಗ ನಿಯಾನ್ ಎಂದು ತೂಗುಹಾಕುವುದು ಬಹುಪಾಲು ಪ್ಲಾಸ್ಟಿಕ್ ಪಟ್ಟಿಯೊಳಗಿನ ಎಲ್‌ಇಡಿ.

ಈಗ ಗ್ಯಾಲರಿಯೊಳಗಿನ ಬೆಳಕಿಗೆ ಬರೋಣ. 2014ರಲ್ಲಿ ಗುಗ್ಗೆನ್‌ಹೈಮ್ ಅಬುಧಾಬಿ ಕಲಾ ಸಂಗ್ರಹಾಲಯ ತನ್ನ ಸಂಗ್ರಹದ ಮೊದಲ ಪ್ರದರ್ಶನಕ್ಕೆ ಬೆಳಕನ್ನೇ ವಿಷಯವಾಗಿ ಆರಿಸಿತು. ಅಬುಧಾಬಿಯ ಕಲಾಕೇಂದ್ರ ಮನಾರತ್ ಅಲ್ ಸಾದಿಯಾತ್‌ನಲ್ಲಿ ನಡೆದ ಆ ಪ್ರದರ್ಶನದಲ್ಲಿ ಕಲಾವಿದರಾದ ಯಾಯೋಯಿ ಕುಸಾಮಾ, ಡ್ಯಾನ್ ಫ್ಲೇವಿನ್ ಅವರ ಕೃತಿಗಳಿದ್ದವು. ಫ್ಲೇವಿನ್ ಗಾಜು ಬಗ್ಗಿಸಿದವರಲ್ಲ. 1963ರಿಂದ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟನ್ನೇ ಗೋಡೆಗೆ ಹಾಕಿದವರು. ಅವರಲ್ಲಿ ಟ್ಯೂಬಿಗಿಂತ ಮುಖ್ಯವಾದದ್ದು, ಅದರ ಬೆಳಕಿಗೆ ಬಣ್ಣ ಬದಲಿಸುವ ಗೋಡೆ, ನೆಲ, ನೋಡುವವರ ಅಂಗಿ.

ಆದರೂ ನನ್ನ ಮನಸ್ಸು ಹೆಚ್ಚು ಒಲಿದಿರುವುದು ಈ ನೆಲದವರೇ ಆದ ಕಲಾವಿದ ಮೊಹಮ್ಮದ್ ಅಹ್ಮದ್ ಇಬ್ರಾಹಿಂ ಅವರಿಗೆ. 1962ರಲ್ಲಿ ಯುಎಇಯ ಖೋರ್‌ಫಕ್ಕಾನ್‌ನಲ್ಲಿ ಹುಟ್ಟಿದವರು. ಆ ಊರಿಗೆ ಮುಂದೆ ಕಡಲು, ಬೆನ್ನಿಗೆ ಹಜರ್ ಬೆಟ್ಟ. ಸೂರ್ಯ ಹುಟ್ಟುವುದು ಕಾಣುತ್ತದೆ; ಮುಳುಗುವುದನ್ನು ಬೆಟ್ಟ ಮರೆಮಾಡುತ್ತದೆ. 2022ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದ ಯುಎಇ ಮಂಟಪದಲ್ಲಿ ಅವರು ಆಳೆತ್ತರದ 128 ಆಕೃತಿಗಳನ್ನು ನಿಲ್ಲಿಸಿದರು. ಒಂದು ತುದಿಯಲ್ಲಿ ಉರಿಯುವ ಬಣ್ಣಗಳು. ಸಾಗುತ್ತ ಹೋದಂತೆ ಮಣ್ಣಿನ ಬಣ್ಣ, ಕೊನೆಗೆ ಕಪ್ಪು-ಬಿಳುಪು. ಬಣ್ಣಗಳ ಆ ಅನುಕ್ರಮವೇ ಅವರ ಊರಿನ ಒಂದು ದಿನ. ನಿಯಾನ್‌ನ ಒಂದು ತುಣುಕೂ ಇಲ್ಲದೆ ಬೆಳಕನ್ನು ಹೀಗೆ ಕಟ್ಟಿಕೊಡುವುದು ದೊಡ್ಡ ಸಾಧನೆ.

ದುಬೈನಲ್ಲಿರುವ ಕನ್ನಡಿಗರು ಈ ವಾರಾಂತ್ಯ ಮಾಲ್ ಬಿಟ್ಟು ಅಲ್ ಕೂಝ್‌ನ ಅಲ್ಸರ್ಕಲ್ ಅವೆನ್ಯೂಗೆ ಹೋಗಿ. ಗೋದಾಮುಗಳೇ ಅಲ್ಲಿ ಗ್ಯಾಲರಿಗಳಾಗಿವೆ. ಗಾಢ ಬಣ್ಣದ ಕೃತಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಬಣ್ಣ ತೆಗೆದರೂ ಕೃತಿ ಹೀಗೇ ಉಳಿಯುತ್ತದೆಯೇ? ಉಳಿಯುತ್ತದೆ ಎನಿಸಿದರೆ ಆ ಬಣ್ಣ ಬರೀ ಮೇಲುಪೂಸು. ಅಂಥದ್ದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.