ಚಕ್ರವನ್ನು ತಕ್ಕಡಿಯಲ್ಲಿಟ್ಟು ಕೊಳ್ಳಬೇಡಿ

ರೋಡ್ ಬೈಕಿಗೆ ದುಡ್ಡು ಹಾಕುವುದಾದರೆ ಮೊದಲು ಹಗುರ ಚಕ್ರಕ್ಕೆ ಹಾಕಿ, ತಿರುಗುವ ತೂಕ ಎರಡು ಪಟ್ಟು ಲೆಕ್ಕ. ಜಯನಗರ, ಜೆ.ಪಿ. ನಗರಗಳಲ್ಲಿ ಭಾನುವಾರ ಬೆಳಗ್ಗೆ ಕಾಫಿಗೆ ನಿಂತ ಯಾವ ಸವಾರರ ಗುಂಪಿನಲ್ಲಿ ಕೇಳಿದರೂ ಸಿಗುವ ಸಲಹೆ ಇದು. ಇದಕ್ಕೆ ನಮ್ಮೂರಿನದೇ ಒಂದು ಸಮರ್ಥನೆಯೂ ಸೇರಿಕೊಂಡಿದೆ: ಬನಶಂಕರಿಯಿಂದ ಸಿಲ್ಕ್ ಬೋರ್ಡ್ ತನಕ ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವವರಿಗೆ ಹಗುರ ಚಕ್ರ ಇರಲೇಬೇಕು ಎಂಬುದು. ಒಳ್ಳೆಯ ಚಕ್ರದ ಮೇಲೆ ನನಗಿರುವ ಪ್ರೀತಿ ಯಾರಿಗೂ ಕಡಿಮೆಯದಲ್ಲ. ಆದ್ದರಿಂದಲೇ ಈ ಸಲಹೆಯೊಂದಿಗೆ ನನ್ನ ಜಗಳ.

ಎರಡು ಪಟ್ಟಿನ ಮಾತು ಸುಳ್ಳಲ್ಲ. ರಿಮ್ಮಿನ ಒಂದು ಗ್ರಾಂ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ವೇಗ ಹೆಚ್ಚಿಸುವಾಗ ಅದು ಎರಡು ಗ್ರಾಮಿನಷ್ಟು ಶಕ್ತಿ ಕೇಳುತ್ತದೆ. ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದೇಕೆ? ಶಿಮಾನೊ ಆರ್‌ಎಸ್ 100 ಚಕ್ರಗಳ ಜೋಡಿ ಸುಮಾರು 1,900 ಗ್ರಾಂ. ಅದನ್ನು ತೆಗೆದು 1,400 ಗ್ರಾಮಿನ ಕಾರ್ಬನ್ ಜೋಡಿ ಹಾಕಿದಿರಿ ಎನ್ನೋಣ. ಇಳಿದ 500 ಗ್ರಾಂ ಪೂರ್ತಿ ರಿಮ್ಮಿನಿಂದಲೇ ಇಳಿಯಿತೆಂದು ಧಾರಾಳವಾಗಿ ಒಪ್ಪಿದರೂ, ಸವಾರ, ಸೈಕಲ್, ನೀರು ಸೇರಿ 85 ಕೆ.ಜಿ. ಇರುವಲ್ಲಿ ಅದರ ಬೆಲೆ ಒಂದು ಕೆ.ಜಿ. ಸಿಗ್ನಲ್ ಬಿಟ್ಟಲ್ಲಿಂದ ಗಂಟೆಗೆ 30 ಕಿ.ಮೀ. ವೇಗ ಮುಟ್ಟಲು 10 ಸೆಕೆಂಡು ಹಿಡಿಯುತ್ತಿದ್ದರೆ, ಉಳಿಯುವುದು ಒಂದು ಸೆಕೆಂಡಿನ ಎಂಟನೇ ಒಂದು ಪಾಲು.

ನಂದಿಬೆಟ್ಟದ ವಿಷಯ ಬೇರೆ ಎನ್ನುವವರಿದ್ದಾರೆ. ಬೇರೆಯೇ ಹೌದು: ಒಂದೇ ಹದದಲ್ಲಿ ಹತ್ತುವಾಗ ವೇಗ ಏರುವುದಿಲ್ಲವಾದ್ದರಿಂದ ಆ ಎರಡು ಪಟ್ಟೂ ಅಲ್ಲಿ ಇಲ್ಲ. 500 ಗ್ರಾಂ ಬರೀ 500 ಗ್ರಾಂ. ಬೆಟ್ಟಕ್ಕೆ 40 ನಿಮಿಷ ತೆಗೆದುಕೊಳ್ಳುವ ಸವಾರ ಹೆಚ್ಚೆಂದರೆ 14 ಸೆಕೆಂಡು ಬೇಗ ಮುಟ್ಟುತ್ತಾನೆ. ಪಂದ್ಯದಲ್ಲಿ 14 ಸೆಕೆಂಡು ದೊಡ್ಡ ಅಂತರ, ಸ್ಪರ್ಧಿಗಳ ಮುಂದೆ ನನ್ನ ತಕರಾರಿಲ್ಲ. ತಿರುವು ತಿರುವಿಗೂ ಎದ್ದು ತುಳಿಯುವವರಿಗೆ ಹಗುರ ಚಕ್ರ ಕೊಡುವ ಚುರುಕು ಕೂಡ ಭ್ರಮೆಯಲ್ಲ, ಕೈಗೆ ಕಾಲಿಗೆ ಗೊತ್ತಾಗುತ್ತದೆ. ಆದರೆ ಜಯನಗರದಿಂದ ಆ ಬೆಟ್ಟದ ಬುಡಕ್ಕೇ ಹೋಗಿಬರಲು 100 ಕಿ.ಮೀ.ಗೂ ಹೆಚ್ಚು ಸವಾರಿ. ಚಕ್ರ ಆಯುವಾಗ ಆ ದೂರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಆ ಗ್ರಾಮುಗಳು ಎಲ್ಲಿಂದ ಇಳಿದವು? ಅಗ್ಗದ ದಾರಿ ಎರಡೇ, ರಿಮ್ಮಿನ ಗೋಡೆ ತೆಳು ಮಾಡುವುದು, ಕಡ್ಡಿ ಕಡಿಮೆ ಮಾಡುವುದು. ಜಾಬ್ಸ್ಟ್ ಬ್ರಾಂಟ್ 1981ರಲ್ಲೇ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ವಿವರಿಸಿದ್ದಾರೆ: ಭಾರ ಬಿದ್ದಾಗ ನೆಲಕ್ಕೆ ತಾಗಿದ ಕಡೆಯ ಕಡ್ಡಿಗಳ ಬಿಗಿತ ಇಳಿಯುತ್ತದೆ, ಚಕ್ರ ಉರುಳಿದಂತೆ ಮತ್ತೆ ಏರುತ್ತದೆ. ಕಡ್ಡಿ ಕಡಿಮೆಯಾದಷ್ಟೂ ಒಂದೊಂದರ ಪಾಲಿಗೆ ಈ ಏರಿಳಿತ ಹೆಚ್ಚು. ಹಿಂದಿನ ಚಕ್ರ ನೋಡಿ. ಗೇರುಗಳಿಗೆ ಜಾಗ ಬೇಕಾಗಿ ಚೈನಿನ ಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಬಲು ಬಿಗಿ. ಎದುರು ಬದಿಯವು ಹೆಚ್ಚುಕಡಿಮೆ ಅದರ ಅರ್ಧ ಬಿಗಿ. ಬೆರಳಲ್ಲಿ ಮೀಟಿದರೆ ಎರಡು ಬದಿಗೆ ಎರಡು ಶ್ರುತಿ ಕೇಳಿಸುತ್ತದೆ. ಬಣ್ಣ ಕಾಣದ ಹಂಪು, ರಸ್ತೆಮಟ್ಟಕ್ಕಿಂತ ಕೆಳಗಿಳಿದ ಮ್ಯಾನ್‌ಹೋಲ್ ಮುಚ್ಚಳ, ಪೈಪಿಗೆ ಅಗೆದು ಅರೆಬರೆ ಮುಚ್ಚಿದ ಗುಂಡಿ, ಒಂದೊಂದು ಏಟಿಗೂ ಆ ಸಡಿಲ ಬದಿ ಪೂರ್ತಿ ಸಡಿಲವಾಗುತ್ತದೆ, ನಿಪ್ಪಲ್ ತಾನೇ ಬಿಚ್ಚಿಕೊಳ್ಳತೊಡಗುತ್ತದೆ, ಕಡ್ಡಿ ಹಬ್ಬಿನ ಬಳಿ ಬಾಗಿದಲ್ಲೇ ದಣಿದು ಮುರಿಯುತ್ತದೆ. 28 ಕಡ್ಡಿಯ ಚಕ್ರದಲ್ಲಿ ಒಂದು ಹೋದರೆ ಸಾಮಾನ್ಯವಾಗಿ ಮನೆ ಮುಟ್ಟಬಹುದು. 20 ಕಡ್ಡಿಯದರಲ್ಲಿ ರಿಮ್ ವಾಲಿ ಫ್ರೇಮಿಗೇ ಉಜ್ಜೀತು.

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯ ಆಚೆ ಹಾಗಾದರೆ ಯಾರ ಬಳಿ ಹೋಗುತ್ತೀರಿ? ಸಾಮಾನ್ಯ ಕಡ್ಡಿ, ಹಿತ್ತಾಳೆ ನಿಪ್ಪಲ್ ಆದರೆ ಊರಿನ ಸೈಕಲ್ ಶಾಪಿನವರೇ ಬೆಂಡ್ ತೆಗೆದುಕೊಡುತ್ತಾರೆ. ಕಂಪನಿಯದೇ ವಿಶೇಷ ಕಡ್ಡಿ, ರಿಮ್ಮಿನೊಳಗೆ ಅಡಗಿದ ನಿಪ್ಪಲ್ ಆದರೆ ಅವರೂ ಅಸಹಾಯಕರು.

ರಿಮ್ಮಿನ ಒಳ ಅಗಲದ ಬಗ್ಗೆ ನಡೆಯಬೇಕಾದ ಚರ್ಚೆಯನ್ನೂ ಗ್ರಾಮಿನ ಹಂಬಲ ನುಂಗಿಹಾಕಿದೆ. 21 ಮಿ.ಮೀ. ಒಳ ಅಗಲದ ರಿಮ್ಮಿಗೆ 28 ಅಥವಾ 30ರ ಒಳ್ಳೆಯ ಟೈರ್ ಹಾಕಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಬನ್ನೇರುಘಟ್ಟ ರಸ್ತೆಯಂಥ ಒರಟು ಮೈಯ ಮೇಲೆ ಆಗುವ ಲಾಭ ಸವಾರಿಯುದ್ದಕ್ಕೂ ಇರುತ್ತದೆ. ಹಗುರವೆಂದು ಮಾರುವ ಹುಕ್‌ಲೆಸ್, ಅಂದರೆ ಟೈರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ, ರಿಮ್ಮುಗಳ ಬಗ್ಗೆ ನನಗೆ ಅನುಮಾನವಿದೆ. ಅವಕ್ಕೆ 5 ಬಾರ್ ಒತ್ತಡದ ಮಿತಿ ಇದೆ, ಹೊಂದುವ ಟೈರನ್ನೇ ಹುಡುಕಬೇಕು. 2024ರ ಯುಎಇ ಟೂರ್‌ ಪಂದ್ಯದಲ್ಲಿ ವೃತ್ತಿಪರ ಸವಾರ ಥಾಮಸ್ ದೆ ಖೆಂಟ್ ಬಿದ್ದು ಟೈರ್ ರಿಮ್ಮಿನಿಂದ ಕಳಚಿದ್ದನ್ನು ಕಂಡಮೇಲೆ ವೃತ್ತಿಪರರ ನಡುವೆಯೇ ಈ ವಿನ್ಯಾಸದ ಬಗ್ಗೆ ದೊಡ್ಡ ವಾಗ್ವಾದ ಎದ್ದಿತು. ಬೆನ್ನ ಹಿಂದೆ ಮೆಕ್ಯಾನಿಕ್ಕನ ಕಾರಿಲ್ಲದ ನಾವು ಅವರಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ನನ್ನ ಆಯ್ಕೆ ಕೇಳಿದರೆ: ಮುಂದೆ 24, ಹಿಂದೆ 28 ಕಡ್ಡಿ, ಹುಕ್ ಇರುವ ಅಲ್ಯೂಮಿನಿಯಂ ರಿಮ್, ಮಳೆನೀರು ಒಳಗಿಳಿಯದಂತೆ ಸೀಲ್ ಆದ, ಸುಲಭವಾಗಿ ಬದಲಿಸಬಹುದಾದ ಬೇರಿಂಗ್. ಜೋಡಿಯ ತೂಕ 1,650 ಗ್ರಾಂ ಆದರೂ ಆಗಲಿ. ಕಾರ್ಬನ್ನಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಉಳಿದದ್ದನ್ನು ಟೈರಿಗೆ ಹಾಕುತ್ತೇನೆ, ಮತ್ತು ಈ ಚಕ್ರವನ್ನು ಕೈಯಾರೆ ಕಟ್ಟಿ ಕಡ್ಡಿ ಕಡ್ಡಿಯ ಬಿಗಿತ ಅಳೆದು ಕೊಡುವವರ ಕೂಲಿಗೆ.